ಊರಿನ ನೆನಪು ಊರಿನ ಕೈಯಲ್ಲಿ

(ನಗರ ವಾಚನಾಲಯದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಉತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ವಾಚನಾಲಯದ ಚಾಲಕರು ನಮ್ಮನ್ನು ಕೇಳಿಕೊಂಡರು. ವಿಷಯವನ್ನು ನಮಗೇ ಬಿಟ್ಟರು. ಸಾಹಿತ್ಯವನ್ನು ಕುರಿತು ಮಾತನಾಡಲು ನಮಗಿಂತ ಯೋಗ್ಯರಾದವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ನಾವು ವೃತ್ತಿಯಿಂದ ವಕೀಲರು. ದಾವೆ, ದಸ್ತೈವಜು, ಸಾಕ್ಷಿ, ಪುರಾವೆ, ಇವೇ ನಮ್ಮ ನಿತ್ಯದ ವ್ಯವಹಾರ. ಆದುದರಿಂದ ಪುರಾವೆಯ ಮಾತನ್ನೇ ಆಡುವೆವು. ಒಂದು ಊರು ತಾನು ಬಾಳಿದೆನೆಂಬುದಕ್ಕೆ ಏನು ಪುರಾವೆಯನ್ನು ಇಟ್ಟುಕೊಂಡಿದೆ? ಅದನ್ನು ಕಾಯುವ ಹೊಣೆ ಯಾರದು? ಈ ಎರಡು ಪ್ರಶ್ನೆಗಳನ್ನು ಇಂದು ತಮ್ಮ ಮುಂದೆ ಇಡುತ್ತೇವೆ.

ಕೆಲವು ವರ್ಷಗಳ ಹಿಂದೆ ನೆರೆಯ ಊರೊಂದರ ವ್ಯಾಜ್ಯವು ನಮ್ಮ ಕೈಗೆ ಬಂದಿತು. ಒಂದು ಹಳೆಯ ಬಾವಿ, ಅದರ ಸುತ್ತ ಸ್ವಲ್ಪ ಬಯಲು, ಒಂದು ಹುಣಿಸೆಯ ಮರ. ಇವು ತಮ್ಮ ಖಾಸಗಿ ಆಸ್ತಿಯೆಂದು ಒಬ್ಬರು ಖರೀದಿಪತ್ರವನ್ನು ಹಿಡಿದು ಬಂದಿದ್ದರು. ಅಲ್ಲ, ಇದು ನಮ್ಮ ಹಿರಿಯರು ವಂತಿಗೆ ಕೂಡಿಸಿ ಕಟ್ಟಿಸಿದ ಬಾವಿ, ಪುರಸಭೆಯ ಠರಾವು ಆಗಿತ್ತು ಎಂದು ಊರಿನವರು ಹೇಳುತ್ತಿದ್ದರು. ಆ ಠರಾವಿನ ಪುಸ್ತಕವೊಂದು ಸಿಕ್ಕಿದ್ದರೆ ಸಾಕಾಗಿತ್ತು. ನಾವು ದಫ್ತರಖಾನೆಗೆ ಹೋಗಿ ವಿಚಾರಿಸಿದೆವು. ಮಾಳಿಗೆ ಸೋರಿ ಹಳೆಯ ಕಟ್ಟುಗಳು ನೆನೆದುಹೋಗಿದ್ದವೆಂತಲೂ, ಕಟ್ಟಡಕ್ಕೆ ಸುಣ್ಣ ಹೊಡೆಸಿದ ವರ್ಷ ಅವನ್ನು ತೂಕಕ್ಕೆ ಹಾಕಿ ರದ್ದಿಯವನಿಗೆ ಕೊಟ್ಟರೆಂತಲೂ ಅಲ್ಲಿಯ ಸಿಪಾಯಿಯು ತಿಳಿಸಿದನು. ದಾವೆಯು ಸೋತಿತು. ಇಂದು ಆ ಬಯಲಿನಲ್ಲಿ ಅಂಗಡಿಗಳ ಸಾಲು ಎದ್ದಿದೆ.

ಇಷ್ಟೇ ಆಗಿದ್ದರೆ ದೈವವನ್ನು ದೂರಿ ಸುಮ್ಮನಿರಬಹುದಾಗಿತ್ತು. ಆದರೆ ಅಪೀಲಿನ ಅವಧಿಯೂ ಕಳೆದ ಮೇಲೆ, ಆ ಊರಿನ ನಿವೃತ್ತ ಶಿಕ್ಷಕರೊಬ್ಬರು ನಮ್ಮ ಮನೆಗೆ ಬಂದು ಒಂದು ಛಾಯಾಚಿತ್ರವನ್ನು ಮೇಜಿನ ಮೇಲಿಟ್ಟರು. ಅವರ ತಂದೆಯ ಕಾಲದ ಶಾಲೆಯ ಮಕ್ಕಳು ಅದೇ ಬಾವಿಯ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದಾರೆ. ಹಿಂದಿನ ಗೋಡೆಯಲ್ಲಿ ವಂತಿಗೆ ಕೊಟ್ಟವರ ಹೆಸರುಗಳುಳ್ಳ ಕಲ್ಲು ಸ್ಪಷ್ಟವಾಗಿ ಕಾಣುತ್ತಿದೆ! ಆ ಕಲ್ಲು ಎಂದೋ ಮಾಯವಾಗಿತ್ತು. "ಗುರುಗಳೇ, ಇದನ್ನು ಮೊದಲೇ ಏಕೆ ತರಲಿಲ್ಲ?" ಎಂದು ಕೇಳಿದೆವು. ಅವರು ಕೊಟ್ಟ ಉತ್ತರವನ್ನು ನಾವು ಇಂದಿಗೂ ಮರೆತಿಲ್ಲ: "ಇಂಥಾದ್ದನ್ನು ಎಲ್ಲಿ ಒಯ್ದು ಕೊಡಬೇಕೆಂಬುದೇ ನನಗೆ ತಿಳಿಯಲಿಲ್ಲ, ವಕೀಲರೇ. ಪೆಟ್ಟಿಗೆಯಲ್ಲಿ ಬಿದ್ದಿತ್ತು."

ಮಹನೀಯರೇ, ನಮ್ಮ ಇಂದಿನ ಭಾಷಣವೆಲ್ಲವೂ ಈ ಒಂದು ಉತ್ತರದ ವಿಸ್ತಾರವೆಂದು ತಿಳಿಯಬೇಕು. ಕೊಡುವವರು ಇದ್ದಾರೆ, ಕೊಡಬೇಕಾದ ವಸ್ತುಗಳು ಮನೆಮನೆಯ ಪೆಟ್ಟಿಗೆಗಳಲ್ಲಿ, ಅಟ್ಟಗಳಲ್ಲಿ ಇವೆ. ಇಸಿದುಕೊಂಡು ಕಾಯುವ ಸ್ಥಾನವೊಂದೇ ಇಲ್ಲ.

ವಸ್ತುಸಂಗ್ರಹಾಲಯವೆಂದೊಡನೆ ನಮ್ಮ ಜನರಿಗೆ ರಾಜರ ಖಡ್ಗ, ಚಿನ್ನದ ನಾಣ್ಯ, ಶಿಲೆಯ ವಿಗ್ರಹಗಳು ನೆನಪಾಗುತ್ತವೆ. ಅವು ಬೇಕಾದುವೇ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವು 1865ರಲ್ಲಿ ಹುಟ್ಟಿತು. ವಿಜಯಪುರ, ಬಾದಾಮಿ, ಐಹೊಳೆ, ಹಂಪೆಯ ಕಮಲಾಪುರಗಳಲ್ಲಿ ಕೇಂದ್ರದ ಪುರಾತತ್ತ್ವ ಇಲಾಖೆಯ ಸಂಗ್ರಹಗಳಿವೆ. ಆದರೆ ನಾವು ಹೇಳುವುದು ಬೇರೆ ಜಾತಿಯ ಸಂಸ್ಥೆ. ಒಂದು ಊರಿನ ಕರದ ಹಣದಿಂದ, ಆ ಊರಿನ ಚುನಾಯಿತ ಸಭೆಯ ಆಡಳಿತದಲ್ಲಿ, ಆ ಊರಿನ ಚರಿತ್ರೆಗಾಗಿಯೇ ನಡೆಯುವ ಸಂಗ್ರಹಾಲಯವದು. ಅಲ್ಲಿ ಅರಸನ ಕಿರೀಟಕ್ಕಿರುವಷ್ಟೇ ಬೆಲೆ ನೇಕಾರನ ಲಾಳಿಗೂ ಇರುತ್ತದೆ.

ಈ ವಿಚಾರವು ಹೊಸದಲ್ಲ. ಲಂಡನ್ ನಗರದ ಕಾರ್ಪೊರೇಶನ್ನು 1826ರಲ್ಲಿಯೇ ತನ್ನ ಗಿಲ್ಡ್‌ಹಾಲಿನಲ್ಲಿ ಒಂದು ಸಂಗ್ರಹಾಲಯಕ್ಕೆ ಅಡಿಗಲ್ಲು ಹಾಕಿತು. 1845ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಇದಕ್ಕೆಂದೇ ಒಂದು ಕಾಯಿದೆಯನ್ನು ಮಾಡಿತು. ಹತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ಪಟ್ಟಣಗಳ ಸಭೆಗಳು ಸಂಗ್ರಹಾಲಯವನ್ನು ಸ್ಥಾಪಿಸಬಹುದು. ಅದಕ್ಕಾಗಿ ಪೌಂಡಿಗೆ ಅರ್ಧ ಪೆನ್ನಿಯಷ್ಟು ಕರವನ್ನು ಹಾಕಬಹುದು. ಪ್ರವೇಶಶುಲ್ಕವು ಮಾತ್ರ ಒಂದು ಪೆನ್ನಿಯನ್ನು ಮೀರಕೂಡದು. ವಕೀಲರ ಕಣ್ಣಿನಿಂದ ಈ ಕಾಯಿದೆಯನ್ನು ನೋಡಿದರೆ ಅದರ ಎರಡು ಕಟ್ಟಳೆಗಳೂ ಸ್ವಾರಸ್ಯವುಳ್ಳವು. ಕರಕ್ಕೊಂದು ಮಿತಿಯಿಟ್ಟುದರಿಂದ ಪ್ರಜೆಯ ಮೇಲೆ ಭಾರ ಬೀಳಲಿಲ್ಲ. ಶುಲ್ಕಕ್ಕೊಂದು ಮಿತಿಯಿಟ್ಟುದರಿಂದ ಬಡವನಿಗೆ ಬಾಗಿಲು ಮುಚ್ಚಲಿಲ್ಲ.

ಆದರೆ ನಗರವೊಂದು ತನ್ನ ನೆನಪನ್ನು ಹೇಗೆ ಕಳೆದುಕೊಳ್ಳುತ್ತದೆ, ಹೇಗೆ ಮರಳಿ ಕೂಡಿಸುತ್ತದೆ ಎಂಬುದಕ್ಕೆ ಪ್ಯಾರಿಸ್ಸಿನಷ್ಟು ಒಳ್ಳೆಯ ದೃಷ್ಟಾಂತ ಮತ್ತೊಂದಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿಯ ಆಡಳಿತಾಧಿಕಾರಿ ಓಸ್‌ಮಾನನು ಹಳೆಯ ಪ್ಯಾರಿಸ್ಸಿನ ಕೇರಿಗಳನ್ನು ಕೆಡವಿ ನೆಟ್ಟನೆಯ ಹೆದ್ದಾರಿಗಳನ್ನು ತೆಗೆಯಿಸಿದನು. ಹಾಗೆ ಕೆಡವಿದವನ ಪ್ರೇರಣೆಯಿಂದಲೇ 1866ರಲ್ಲಿ ನಗರವು ಕಾರ್ನವಾಲೆ ಎಂಬ ಹಳೆಯ ಮಹಲನ್ನು ಕೊಂಡಿತು. ಕೆಡವಿದ ಊರಿನ ಕುರುಹುಗಳಿಗೆ ಒಂದು ನೆಲೆ ಬೇಕಾಗಿತ್ತು. ಮುಂದೆ 1871ರ ಕಮ್ಯೂನಿನ ಗಲಭೆಯಲ್ಲಿ ನಗರದ ಸಭಾಭವನವು ಸುಟ್ಟು ಬೂದಿಯಾಯಿತು. ಅದರೊಡನೆ ನಗರದ ಗ್ರಂಥಭಾಂಡಾರವೂ ಬೆಂದುಹೋಯಿತು. ಆಗ ಝೂಲ್ ಕೂಝಾನ್ ಎಂಬ ಗ್ರಂಥಪಾಲನು ತಾನು ಆಜನ್ಮ ಕೂಡಿಸಿದ್ದ ಸುಮಾರು 6000 ಪುಸ್ತಕಗಳನ್ನು ನಗರಕ್ಕೆ ದಾನಮಾಡಿದನು. ಆ ದಾನವೇ ಬೀಜವಾಯಿತು. ಗ್ರಂಥಾಲಯವೂ ಸಂಗ್ರಹಾಲಯವೂ ಒಂದೇ ಮಾಡಿನ ಕೆಳಗೆ ಬೆಳೆದವು. 1880ರಲ್ಲಿ ಕಾರ್ನವಾಲೆಯ ಬಾಗಿಲು ಜನರಿಗೆ ತೆರೆಯಿತು.

ಅಲ್ಲಿ ಏನನ್ನು ಇಟ್ಟಿದ್ದಾರೆ? ಹಳೆಯ ಅಂಗಡಿಗಳ ಬಾಗಿಲಲ್ಲಿ ತೂಗುತ್ತಿದ್ದ ಫಲಕಗಳಿಗಾಗಿಯೇ ಅಲ್ಲಿ ಪ್ರತ್ಯೇಕ ಸ್ಥಳವಿದೆ. ಓದು ಬಾರದ ಜನರು ಇಂಥ ಚಿಹ್ನೆಗಳನ್ನು ನೋಡಿಯೇ ಅಂಗಡಿಯನ್ನು ಗುರುತಿಸುತ್ತಿದ್ದರು. 1789ರಲ್ಲಿ ಜನರ ಕೈವಶವಾದ ಬಾಸ್ತೀಯ್ ಕಾರಾಗೃಹವನ್ನು ಕೆಡಹುವ ಗುತ್ತಿಗೆಯನ್ನು ಹಿಡಿದ ಪಾಲ್ವಾ ಎಂಬವನು, ಅದರ ಕಲ್ಲಿನಿಂದಲೇ ಆ ಕಾರಾಗೃಹದ ಪುಟ್ಟ ಪ್ರತಿಕೃತಿಗಳನ್ನು ಕೆತ್ತಿಸಿ ದೇಶದ ಎಲ್ಲ ಪ್ರಾಂತಗಳಿಗೆ ಕಳುಹಿಸಿದನು; ಅಂಥದೊಂದು ಅಲ್ಲಿದೆ. ಸ್ವಾತಂತ್ರ್ಯದ ನೆನಪನ್ನು ಹಂಚಿಕೊಳ್ಳುವ ಬಗೆ ಇದು! ಇಂದು ಆ ಸಂಗ್ರಹದಲ್ಲಿ ಆರು ಲಕ್ಷಕ್ಕೆ ಮೇಲ್ಪಟ್ಟು ವಸ್ತುಗಳಿವೆ. ಅದರ ಸ್ಥಾಯೀ ಪ್ರದರ್ಶನವನ್ನು ನೋಡಲು ಶುಲ್ಕವಿಲ್ಲ.

ಪ್ಯಾರಿಸ್ ಶ್ರೀಮಂತ ರಾಜಧಾನಿ, ನಮಗೂ ಅದಕ್ಕೂ ಏನು ಸಮ ಎಂದು ಕೇಳುವವರುಂಟು. ಅಂಥವರು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣವನ್ನು ನೋಡಲಿ. ಅದರ ಪೂರ್ವಭಾಗವು ಗಿರಣಿಗಳ ಹೊಗೆಯಲ್ಲಿ, ಇಕ್ಕಟ್ಟಾದ ಕೊಠಡಿಗಳಲ್ಲಿ ಬಡವರು ತುಂಬಿದ್ದ ಸ್ಥಳ. ಅಲ್ಲಿಯ ನಗರಸಭೆಯು ಅದೇ ಕೇರಿಯ ಬಯಲಿನಲ್ಲಿ 1898ರಲ್ಲಿ ಒಂದು ಭವನವನ್ನು ಕಟ್ಟಿಸಿ 'ಜನರ ಅರಮನೆ' ಎಂಬರ್ಥದ ಹೆಸರನ್ನು ಕೊಟ್ಟಿತು. ಕೆಳಗೆ ವಾಚನದ ಮತ್ತು ವಿನೋದದ ಕೋಣೆಗಳು, ಮೇಲೆ ಸಂಗ್ರಹಾಲಯ, ಅದರ ಮೇಲೆ ಚಿತ್ರಶಾಲೆ. ಮುಂದೆ ಅದು ಗ್ಲಾಸ್ಗೋ ಜನರ ಚರಿತ್ರೆಯ ಮನೆಯಾಯಿತು. ಒಂದು ಕುಟುಂಬವೆಲ್ಲ ಬಾಳಿದ ಒಂಟಿ ಕೊಠಡಿ, ಹೆಂಗಸರು ಬಟ್ಟೆ ಒಗೆಯುತ್ತಿದ್ದ ಸಾರ್ವಜನಿಕ ಮನೆ, ಕಾರ್ಮಿಕ ಸಂಘಗಳ ಧ್ವಜಗಳು, ಇವನ್ನು ಅಲ್ಲಿ ತೋರಿಸಿದರು. ಇಲಿಗಳ ಕಾಟಕ್ಕೆಂದು ಸಾಕಿದ್ದ ಬೆಕ್ಕು ಕೂಡ ಕಾರ್ಮಿಕ ಸಂಘದ ಸದಸ್ಯತ್ವವನ್ನು ಪಡೆದಿತ್ತೆಂದು ಆ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. 2024ರಲ್ಲಿ ಆ ಭವನವನ್ನು ದೊಡ್ಡ ದುರಸ್ತಿಗಾಗಿ ಮುಚ್ಚಿದರು. ನೂರಿಪ್ಪತ್ತೈದು ವರ್ಷ ದುಡಿದ ಮನೆಗೆ ದುರಸ್ತಿ ಬೇಕಾಗುವುದು ಸಹಜ. ಕಟ್ಟುವುದಷ್ಟೇ ಅಲ್ಲ, ಕಾಪಾಡುವುದೂ ಖರ್ಚಿನ ಮಾತೆಂಬುದನ್ನು ನಾವು ಮರೆಯಕೂಡದು.

ಇನ್ನು ನಮ್ಮ ದೇಶಕ್ಕೆ ಬರೋಣ. ಮುಂಬಯಿಯ ಬಾಯಖಳೆಯಲ್ಲಿರುವ ಸಂಗ್ರಹಾಲಯದ ಕಥೆಯು ಕೇಳತಕ್ಕದ್ದು. ಅದರ ಮೊದಲ ಸಂಗ್ರಹವು ಕೋಟೆಯೊಳಗಿನ ಒಂದು ಬರಾಕಿನಲ್ಲಿತ್ತು. 1857ರ ದಂಗೆಯ ಕಾಲದಲ್ಲಿ ಸೈನ್ಯಕ್ಕೆ ಸ್ಥಳ ಬೇಕೆಂದು ಆ ವಸ್ತುಗಳನ್ನು ಹೊರಗೆ ಹಾಕಿದರು, ಬಹಳಷ್ಟು ಹಾಳಾದವು. ಆಮೇಲೆ ನಗರದ ಹಿರಿಯರು ವಂತಿಗೆ ಕೂಡಿಸಿದರು. ಜಗನ್ನಾಥ ಶಂಕರಶೇಟರೂ ವೈದ್ಯ ಭಾವು ದಾಜಿಯವರೂ ಆ ಕೆಲಸದಲ್ಲಿ ಮುಂದಾಳುಗಳಾಗಿದ್ದರು. 1862ರಲ್ಲಿ ಅಡಿಗಲ್ಲು, 1872ರಲ್ಲಿ ಪ್ರಾರಂಭೋತ್ಸವ. ರಾಣಿ ವಿಕ್ಟೋರಿಯಾ ಮತ್ತು ಆಕೆಯ ಪತಿಯ ಹೆಸರನ್ನು ಹೊತ್ತಿದ್ದ ಆ ಭವನಕ್ಕೆ 1975ರಲ್ಲಿ ಭಾವು ದಾಜಿಯವರ ಹೆಸರನ್ನಿಟ್ಟರು. ನಗರಪಾಲಿಕೆಯ ಸ್ವತ್ತಾದ ಆ ಮನೆ ಒಂದು ಕಾಲಕ್ಕೆ ಜೀರ್ಣವಾಗಿತ್ತು. 2003ರಲ್ಲಿ ನಗರಪಾಲಿಕೆಯೂ ಎರಡು ಖಾಸಗಿ ಸಂಸ್ಥೆಗಳೂ ಕೂಡಿ ಕರಾರು ಮಾಡಿಕೊಂಡು ಜೀರ್ಣೋದ್ಧಾರ ನಡೆಸಿ, 2008ರಲ್ಲಿ ಮತ್ತೆ ತೆರೆದವು. ಮುಂಬಯಿಯ ಹಳೆಯ ನಕಾಶೆಗಳು, ಅಲ್ಲಿಯ ನಾನಾ ಜನಗಳ ಉಡುಗೆ ತೊಡುಗೆಗಳನ್ನು ತೋರಿಸುವ ಮಣ್ಣಿನ ಬೊಂಬೆಗಳು ಅಲ್ಲಿವೆ. ಅಂಗಳದಲ್ಲಿ ಒಂದು ಕಲ್ಲಾನೆ ನಿಂತಿದೆ. ಘಾರಾಪುರಿಯ ದ್ವೀಪದಿಂದ ಅದನ್ನು ಇಂಗ್ಲೆಂಡಿಗೆ ಸಾಗಿಸಲೆಂದು 1864ರಲ್ಲಿ ಎತ್ತಿದಾಗ ಅದು ಬಿದ್ದು ಒಡೆಯಿತು. ತುಂಡುಗಳನ್ನು ಕೂಡಿಸಿ ಇಲ್ಲಿಯೇ ನಿಲ್ಲಿಸಿದರು. ಊರು ಬಿಟ್ಟು ಹೋಗಲು ಒಲ್ಲದ ಆನೆಯಿದು ಎಂದು ನಾವು ಅದನ್ನು ನೋಡಿದಾಗಲೆಲ್ಲ ಭಾವಿಸಿಕೊಳ್ಳುತ್ತೇವೆ.

ಪ್ರಯಾಗದ ಕಥೆಯು ಇದಕ್ಕಿಂತಲೂ ನಮಗೆ ಹತ್ತಿರದ್ದು. 1863ರಲ್ಲಿ ಅಲ್ಲಿ ಹುಟ್ಟಿದ್ದ ಸರಕಾರಿ ಸಂಗ್ರಹಾಲಯವು 1881ರಲ್ಲಿ ಮುಚ್ಚಿಹೋಯಿತು. 1923ರಲ್ಲಿ ಜವಾಹರಲಾಲ ನೆಹರೂ ಅವರು ಅಲ್ಲಿಯ ನಗರಸಭೆಯ ಅಧ್ಯಕ್ಷರಾದರು. ನೀರು, ಕೊಳಚೆ, ಬೀದಿಯ ದೀಪಗಳ ನಡುವೆಯೇ ಸಂಗ್ರಹಾಲಯದ ಮಾತನ್ನೂ ಮೇಲೆತ್ತಿದರು. 1931ರಲ್ಲಿ ಅದು ನಗರಸಭೆಯ ಕಟ್ಟಡದಲ್ಲಿಯೇ ತೆರೆಯಿತು. ಆದರೆ ಅದನ್ನು ತುಂಬಿದವರು ನಗರಸಭೆಯ ಕಾರ್ಯನಿರ್ವಾಹಕ ಅಧಿಕಾರಿ ಪಂಡಿತ ಬ್ರಜಮೋಹನ ವ್ಯಾಸರು. ಕಚೇರಿಯ ಕಾಗದಗಳೊಡನೆ ಹೆಣಗುವ ನೌಕರರೊಬ್ಬರು ಕೌಶಾಂಬಿಯೇ ಮೊದಲಾದ ಸುತ್ತಲಿನ ಹಳೆಯ ಸ್ಥಳಗಳನ್ನು ಅಲೆದು, ಹಳ್ಳಿಗರನ್ನು ಒಲಿಸಿ, ಬಿದ್ದಿದ್ದ ಶಿಲ್ಪಗಳನ್ನೂ ನಾಣ್ಯಗಳನ್ನೂ ಗ್ರಂಥಗಳನ್ನೂ ಕೂಡಿಸಿದರು. 1947ರ ಡಿಸೆಂಬರ 14ರಂದು, ಸ್ವರಾಜ್ಯ ಬಂದ ನಾಲ್ಕೇ ತಿಂಗಳಲ್ಲಿ, ಪ್ರಧಾನಿಯಾಗಿದ್ದ ನೆಹರೂ ಅವರು ಅದರ ಹೊಸ ಕಟ್ಟಡಕ್ಕೆ ಅಡಿಗಲ್ಲನ್ನಿಟ್ಟರು. 1954ರಲ್ಲಿ ಅದು ತೆರೆಯಿತು. 1985ರಲ್ಲಿ ಕೇಂದ್ರ ಸರಕಾರವು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ಚಂದ್ರಶೇಖರ ಆಜಾದರ ಪಿಸ್ತೂಲು ಇಂದು ಅಲ್ಲಿದೆ. ಒಂದು ನಗರಸಭೆಯ ಕೋಣೆಯಲ್ಲಿ ಮೊಳೆತ ಬೀಜವು ಇಡೀ ರಾಷ್ಟ್ರದ ಮರವಾಯಿತು.

ನಾಡಬಾಂಧವರೇ, ಈಗ ನಮ್ಮ ಕಡೆಗೆ ತಿರುಗೋಣ. ಕನ್ನಡನಾಡು ಒಂದಾಗುವುದಕ್ಕೆ ಮುಂಚೆ ನಮ್ಮ ಊರುಗಳು ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದವು: ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು. 1956ರ ನವೆಂಬರ 1ರಂದು ನೆಲವು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಆದರೆ ನೆಲ ಒಂದಾದಂತೆ ನೆನಪು ಒಂದಾಗಲಿಲ್ಲ. ಧಾರವಾಡ, ಬೆಳಗಾವಿ, ಕಾರವಾರಗಳ ಮೇಲೆ ನಡೆದ ಆಳಿಕೆಯ ಕಾಗದಗಳಿಗಾಗಿ ಮುಂಬಯಿಗೆ, ಮಂಗಳೂರು ಬಳ್ಳಾರಿಗಳ ಕಾಗದಗಳಿಗಾಗಿ ಚೆನ್ನೈಗೆ, ಕಲಬುರ್ಗಿ ರಾಯಚೂರುಗಳವಕ್ಕಾಗಿ ಹೈದರಾಬಾದಿಗೆ ಸಂಶೋಧಕರು ಇಂದಿಗೂ ಪ್ರಯಾಣಮಾಡಬೇಕು. ಸರಕಾರದ ಕಾಗದಗಳು ಅಲ್ಲಿ ಸುರಕ್ಷಿತವಾಗಿರಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅವು ಆಳಿದವರ ಕಣ್ಣಿನಿಂದ ಬರೆದ ಕಾಗದಗಳು. ಆಳಿಸಿಕೊಂಡವರ ಕಣ್ಣಿನ ಚರಿತ್ರೆ ಎಲ್ಲಿದೆ? ಅದು ವರ್ತಕನ ಕಡತದಲ್ಲಿದೆ. ಅಜ್ಜಿಯ ಇಳಕಲ್ಲ ಸೀರೆಯ ಸೆರಗಿನಲ್ಲಿದೆ. ಮೋಡಿ ಲಿಪಿಯಲ್ಲಿ ಬರೆದ ಮನೆಯ ಲೆಕ್ಕದಲ್ಲಿದೆ. ಸೇರು, ಪಾವು, ಕೊಳಗಗಳಲ್ಲಿದೆ. ಪ್ರಭಾತಫೇರಿಯಲ್ಲಿ ಹಿಡಿದ ಮಾಸಿದ ಧ್ವಜದಲ್ಲಿ, ಸೆರೆಮನೆಯಿಂದ ಬಂದ ಕಾಗದದಲ್ಲಿದೆ. ಇವು ಯಾವ ರಾಜಧಾನಿಯ ದಫ್ತರಖಾನೆಯಲ್ಲಿಯೂ ಸಿಕ್ಕುವುದಿಲ್ಲ.

ಒಂದು ಕಲ್ಲು ಏನನ್ನು ಮಾಡಬಲ್ಲದೆಂಬುದಕ್ಕೆ ಒಂದೆರಡು ನಿದರ್ಶನಗಳನ್ನು ಕೊಡುವೆವು. ಬೆಂಗಳೂರೆಂಬ ಹೆಸರು ಹೊಯ್ಸಳ ದೊರೆಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ಬಂತೆಂದು ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಆದರೆ ಬೇಗೂರಿನ ದೇವಸ್ಥಾನದಲ್ಲಿರುವ ಸುಮಾರು 890ರ ಶಾಸನದಲ್ಲಿಯೇ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಆ ಕಲ್ಲು ಉಳಿದಿದ್ದರಿಂದ ಊರಿನ ಹೆಸರು ಹೊಯ್ಸಳರಿಗಿಂತ ಹಿಂದಿನದೆಂದು ತಿಳಿಯಿತು. ಹೆಬ್ಬಾಳದಲ್ಲಿ 2018ರಲ್ಲಿ ಸುಮಾರು 750ರ ಕಾಲದ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಕಿತ್ತಯನೆಂಬ ವೀರನ ಕಲ್ಲು ಅದು. ಅದರ ಬೆಲೆಯನ್ನು ಅರಿತು ಉಳಿಸಿಕೊಳ್ಳಲು ಓಡಾಡಿದವರು ಸಾಮಾನ್ಯ ನಾಗರಿಕರು. ಹಲ್ಮಿಡಿಯ ಶಾಸನವು 1936ರಲ್ಲಿ ವಿದ್ವಾಂಸರ ಕಣ್ಣಿಗೆ ಬೀಳುವವರೆಗೂ ಹಳ್ಳಿಯ ಕಲ್ಲುಗಳಲ್ಲಿ ಒಂದು ಕಲ್ಲಾಗಿತ್ತು. ಇಂದು ಅದರ ಪ್ರತಿಕೃತಿಯು ಆ ಹಳ್ಳಿಯಲ್ಲಿಯೇ ನಿಂತಿದೆ. ಮೂಲವು ಬೇರೆಡೆಗೆ ಹೋದರೂ ಊರಿಗೆ ಅದರ ನೆನಪು ತಪ್ಪದಂತೆ ಮಾಡಬಹುದೆಂಬುದಕ್ಕೆ ಇದೇ ಮೇಲ್ಪಂಕ್ತಿ. ಹೀಗೆ ಉಳಿದ ಕಲ್ಲುಗಳ ಹೆಸರನ್ನು ಹೇಳಬಲ್ಲೆವು. ಬಟ್ಟೆ ಒಗೆಯುವ ಬಂಡೆಯಾಗಿ, ಚರಂಡಿಯ ಹಾಸುಗಲ್ಲಾಗಿ ಸವೆದುಹೋದವುಗಳ ಹೆಸರನ್ನು ಹೇಳುವವರಾರು?

ಇಷ್ಟನ್ನೆಲ್ಲ ಕೇಳಿ ನಮ್ಮ ಸಭಾಸದರು ಮೂರು ಆಕ್ಷೇಪಗಳನ್ನು ಎತ್ತಬಹುದು.

ಮೊದಲನೆಯದು, ಇದು ನಗರಸಭೆಯ ಕೆಲಸವೇ ಎಂಬುದು. ಹೌದು ಎನ್ನುತ್ತದೆ ಕಾನೂನು. 1992ರ ಎಪ್ಪತ್ತನಾಲ್ಕನೆಯ ತಿದ್ದುಪಡಿಯಿಂದ ರಾಜ್ಯಘಟನೆಗೆ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಸಭೆಗಳಿಗೆ ಒಪ್ಪಿಸಬಹುದಾದ ಹದಿನೆಂಟು ವಿಷಯಗಳಿವೆ. ಸಾಂಸ್ಕೃತಿಕ, ಶೈಕ್ಷಣಿಕ ಅಭಿವೃದ್ಧಿಯು ಅವುಗಳಲ್ಲೊಂದು. ನಮ್ಮ ರಾಜ್ಯದ 1964ರ ಪುರಸಭೆಗಳ ಕಾಯಿದೆಯೂ ಸಂಗ್ರಹಾಲಯವನ್ನು ಪುರಸಭೆಯ ಐಚ್ಛಿಕ ಕರ್ತವ್ಯಗಳಲ್ಲಿ ಎಣಿಸುತ್ತದೆ. ಐಚ್ಛಿಕವೆಂದರೆ ಬೇಡವೆಂದರ್ಥವಲ್ಲ, ಇಚ್ಛೆಯಿದ್ದರೆ ಯಾರೂ ತಡೆಯಲಾರರೆಂದರ್ಥ.

ಎರಡನೆಯದು ಹಣ. ನಾವು ಅಮೃತಶಿಲೆಯ ಭವನವನ್ನು ಬೇಡುತ್ತಿಲ್ಲ. ಸೋರದ ಒಂದು ಕೋಣೆ, ಬೀಗವುಳ್ಳ ನಾಲ್ಕು ಕಪಾಟು, ಗೆದ್ದಲು ಹತ್ತದ ಎಚ್ಚರಿಕೆ, ಒಂದು ದಾಖಲೆಯ ಪುಸ್ತಕ, ಅದನ್ನು ಪ್ರೀತಿಯಿಂದ ಬರೆಯುವ ಒಬ್ಬ ಮನುಷ್ಯ. ಪ್ರಯಾಗದವರು ಕಚೇರಿಯಲ್ಲಿಯೇ ಆರಂಭಿಸಲಿಲ್ಲವೇ?

ಮೂರನೆಯ ಆಕ್ಷೇಪವು ಗಂಭೀರವಾದದ್ದು. ಇಂದಿನ ಸಭೆ ನಾಳೆ ಬದಲಾಗುತ್ತದೆ. ಬಂದವರು ಹಿಂದಿನವರ ಫೋಟೋ ಇಳಿಸಿ ತಮ್ಮವರ ಫೋಟೋ ಏರಿಸುತ್ತಾರೆ. ಸಂಗ್ರಹಾಲಯವು ಪಕ್ಷದ ಜಾಹೀರಾತಾಗುತ್ತದೆ ಎಂಬ ಭಯ. ಈ ಭಯವು ನಮಗೂ ಉಂಟು. ಅದಕ್ಕೆಂದೇ ಹಣವನ್ನು ನಗರಸಭೆ ಕೊಡಲಿ, ಆದರೆ ಯಾವ ವಸ್ತುವನ್ನು ಇಡಬೇಕು, ಅದರ ಕೆಳಗೆ ಏನನ್ನು ಬರೆಯಬೇಕು ಎಂಬುದನ್ನು ಶಿಕ್ಷಕರು, ಇತಿಹಾಸವನ್ನು ಬಲ್ಲವರು, ಎಲ್ಲ ಕೇರಿಗಳ ಹಿರಿಯರು ಕೂಡಿದ ಸಮಿತಿಯು ನಿರ್ಣಯಿಸಲಿ ಎನ್ನುತ್ತೇವೆ. ಎಲ್ಲ ಕೇರಿಗಳೆಂದು ಬೇಕೆಂದೇ ಹೇಳಿದೆವು. ನಮ್ಮ ಬಾವಿಗಳ ಚರಿತ್ರೆಯಲ್ಲಿ ವಂತಿಗೆ ಕೊಟ್ಟವರ ಹೆಸರುಗಳಿರುವಂತೆ, ಆ ಬಾವಿಯ ಕಟ್ಟೆಯನ್ನು ಮುಟ್ಟಗೊಡದೆ ದೂರ ನಿಲ್ಲಿಸಿದವರ ನೋವೂ ಇದೆ. ಅದನ್ನು ಬಿಟ್ಟು ಬರೆದ ಚರಿತ್ರೆಯು ಅರ್ಧ ಸಾಕ್ಷಿ. ಅರ್ಧ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ನಂಬುವುದಿಲ್ಲ.

ವಸ್ತುಗಳನ್ನು ಕೂಡಿಸುವಾಗ ಕಾನೂನಿನ ಎಚ್ಚರವೂ ಬೇಕು. ನೆಲದಲ್ಲಿ ಹುದುಗಿದ್ದು ಸಿಕ್ಕಿದ ಬೆಲೆಯುಳ್ಳ ವಸ್ತುವನ್ನು ನಿಧಿಯ ಕಾನೂನಿನಂತೆ ಸರಕಾರದ ಅಧಿಕಾರಿಗಳಿಗೆ ತಿಳಿಸಬೇಕು. 1972ರ ಕಾಯಿದೆಯಂತೆ ನೂರು ವರ್ಷಕ್ಕೆ ಹಿಂದಿನ ಶಿಲ್ಪಾದಿಗಳೂ, ಎಪ್ಪತ್ತೈದು ವರ್ಷಕ್ಕೆ ಹಿಂದಿನ ಮಹತ್ವದ ಹಸ್ತಪ್ರತಿಗಳೂ ಪುರಾತನ ವಸ್ತುಗಳೆನಿಸುತ್ತವೆ. ಪೂಜೆಗೊಳ್ಳುವ ಕಲ್ಲನ್ನು ಕೀಳಲೇಬಾರದು. ಅದರ ಚಿತ್ರವನ್ನೂ ಪಾಠವನ್ನೂ ತಂದರೆ ಸಾಕು. ಕೊಟ್ಟವರಿಗೆ ರಸೀದಿ ಕೊಡಬೇಕು. ವಸ್ತು ಯಾರದು, ಎಲ್ಲಿಂದ ಬಂದಿತು, ಯಾವಾಗ ಬಂದಿತು ಎಂಬುದನ್ನು ಅಂದೇ ಬರೆದಿಡಬೇಕು. ದಾಖಲೆಯಿಲ್ಲದ ವಸ್ತು ಹೆಸರಿಲ್ಲದ ಶವದಂತೆ.

ಉಪಾಧ್ಯಾಯ ಬಂಧುಗಳೇ, ಇದರಲ್ಲಿ ಅರ್ಧ ಕೆಲಸ ತಮ್ಮದು. ತಮ್ಮ ತರಗತಿಯ ಮಕ್ಕಳಿಗೆ ಈ ಬೇಸಿಗೆಯಲ್ಲಿ ಒಂದು ಪಾಠ ಕೊಡಿರಿ. ಅಜ್ಜ ಅಜ್ಜಿಯರನ್ನು ಕೇಳಿ, ಮನೆಯಲ್ಲಿರುವ ಒಂದು ಹಳೆಯ ವಸ್ತುವಿನ ಹೆಸರನ್ನೂ ಅದರ ಕಥೆಯನ್ನೂ ಒಂದು ಪುಟದಲ್ಲಿ ಬರೆದು ತರಲಿ. ವಸ್ತುವನ್ನು ತರುವುದು ಬೇಡ. ಕಥೆ ಮಾತ್ರ ಬರಲಿ. ನೂರು ಮಕ್ಕಳು ಬರೆದರೆ ನೂರು ಪುಟವಾಯಿತು. ಅದೇ ನಮ್ಮ ಸಂಗ್ರಹಾಲಯದ ಮೊದಲ ದಾಖಲೆಯ ಪುಸ್ತಕ.

ಸಭಾಸದರೇ, ತಮಗೆ ನಮ್ಮ ಪ್ರಾರ್ಥನೆ ಇನ್ನೂ ಚಿಕ್ಕದು. ಮುಂದಿನ ಸಭೆಯಲ್ಲಿ ಎರಡು ಠರಾವುಗಳನ್ನು ಮಾಡಿರಿ. ಹಳೆಯ ದಫ್ತರದ ಒಂದು ಕಾಗದವನ್ನಾದರೂ ಪರೀಕ್ಷೆಯಿಲ್ಲದೆ ರದ್ದಿಗೆ ಹಾಕಕೂಡದೆಂಬುದು ಒಂದು. ಈ ವಾಚನಾಲಯದ ಹಿಂಬದಿಯ ಖಾಲಿ ಕೋಣೆಯನ್ನು ಊರಿನ ಚರಿತ್ರೆಗೆ ಬಿಟ್ಟುಕೊಡಬೇಕೆಂಬುದು ಇನ್ನೊಂದು. ಮೊದಲನೆಯದಕ್ಕೆ ಕಾಸೂ ಖರ್ಚಿಲ್ಲ. ಎರಡನೆಯದಕ್ಕೆ ಸುಣ್ಣ ಬೀಗಗಳ ಖರ್ಚಷ್ಟೇ.

ಆ ನಿವೃತ್ತ ಶಿಕ್ಷಕರು ಕೊಟ್ಟ ಛಾಯಾಚಿತ್ರವು ಇನ್ನೂ ನಮ್ಮ ಬಳಿಯಲ್ಲಿದೆ. ಅದು ಗೆಲ್ಲಿಸಬೇಕಾಗಿದ್ದ ದಾವೆ ಮುಗಿದುಹೋಯಿತು. ಆ ಬಾವಿ ಮರಳಿ ಬಾರದು. ಆದರೆ ಕಟ್ಟೆಯ ಮೇಲೆ ಕುಳಿತ ಆ ಮಕ್ಕಳ ಮುಖಗಳು ಇನ್ನೂ ಇವೆ, ಕಲ್ಲಿನ ಮೇಲಿನ ಹೆಸರುಗಳೂ ಇವೆ. ಅವರ ಊರಿಗೆ ಇಂಥ ಕೋಣೆ ಬರುವತನಕ ಅದನ್ನು ಇಲ್ಲಿ ಇಡಲು ಆ ಹಿರಿಯರು ಒಪ್ಪಿದ್ದಾರೆ. ಕೋಣೆಯ ಬಾಗಿಲು ತೆರೆದ ದಿನ ಮೊದಲ ರಸೀದಿಯನ್ನು ಅವರ ಹೆಸರಿಗೆ ಬರೆಯಿಸುವೆವು. ಇಂಥಾದ್ದನ್ನು ಎಲ್ಲಿ ಒಯ್ದು ಕೊಡಬೇಕೆಂದು ಈ ಊರಿನಲ್ಲಿ ಇನ್ನು ಯಾರೂ ಕೇಳದಂತಾಗಲಿ.